ಬೇಟೆ ಹಡಗಿಗೆ ಅಡ್ಡ ಹೋಗಬೇಕೇ, ಬೇರೆ ದಾರಿ ಹಿಡಿಯಬೇಕೇ? ತಿಮಿಂಗಿಲ ಉಳಿಸಲು ಹೊರಟವರಿಗೆ ಒಂದು ಹೋಲಿಕೆ

ತಿಮಿಂಗಿಲ ಬೇಟೆ ನಿಲ್ಲಬೇಕು ಅನ್ನುವವರೆಲ್ಲ ಒಂದೇ ಪಕ್ಷ ಅಂತ ಹೊರಗಿನವರಿಗೆ ಅನಿಸಬಹುದು. ಹಾಗೇನಿಲ್ಲ. ನಡುಸಮುದ್ರದಲ್ಲಿ ಬೇಟೆ ಹಡಗಿಗೆ ಅಡ್ಡ ಹಾಕುವುದರಿಂದ ಪ್ರಯೋಜನ ಇದೆಯಾ ಅಂತ ಕೇಳಿ ನೋಡಿ, ಅಲ್ಲೇ ಎರಡು ಬಣ ಆಗುತ್ತದೆ. ನಿಜಕ್ಕೂ ತಿಮಿಂಗಿಲದ ಜೀವ ಉಳಿಸಿದ್ದು ಅದೊಂದೇ, ಉಳಿದದ್ದೆಲ್ಲ ಬರೀ ಸಭೆ ಅನ್ನುತ್ತದೆ ಒಂದು ಬಣ. ಅದರಿಂದಲೇ ಬೇಟೆಗಾರರು ಹಟಕ್ಕೆ ಬಿದ್ದರು, ಇಲ್ಲದಿದ್ದರೆ ಯಾವತ್ತೋ ಬಿಡುತ್ತಿದ್ದರು ಅನ್ನುತ್ತದೆ ಇನ್ನೊಂದು. ಇಬ್ಬರ ಬಳಿಯೂ ಪುರಾವೆ ಇದೆ. ತೊಂದರೆ ಇರುವುದೇ ಅಲ್ಲಿ.

ಈ ಬರಹ ಇರುವುದು ಹಣ ಕೊಡಬೇಕು, ಇಲ್ಲವೇ ಸಮಯ ಕೊಡಬೇಕು, ಆದರೆ ಯಾವ ಕೆಲಸಕ್ಕೆ ಅಂತ ಗೊತ್ತಾಗುತ್ತಿಲ್ಲ ಅನ್ನುವವರಿಗೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸಮುದ್ರದ ಮೇಲಿನ ತಡೆ ಒಂದು ಕಾಲದಲ್ಲಿ, ಒಂದು ಜಾಗದಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಬೇಟೆ ಈಗ ಆ ಜಾಗದಲ್ಲಿ ನಡೆಯುತ್ತಿಲ್ಲ. ಹಾಗಾಗಿ ಇವತ್ತಿನ ಮಟ್ಟಿಗೆ ನಿಮ್ಮ ಹಣಕ್ಕೆ ಬೇರೆ ದಾರಿಗಳೇ ಮೇಲು. ಯಾಕೆ ಅಂತ ಮುಂದೆ ನೋಡೋಣ.

ಬೇಟೆ ಎಲ್ಲಿ ನಡೆಯುತ್ತಿದೆ?

ಮೊದಲು ಇದನ್ನು ತಿಳಿದುಕೊಳ್ಳಬೇಕು. ಯಾಕೆಂದರೆ ಯಾವ ದಾರಿ ಒಳ್ಳೆಯದು ಅನ್ನುವುದು ಬಹುತೇಕ ಇದರ ಮೇಲೆಯೇ ನಿಂತಿದೆ.

ತಿಮಿಂಗಿಲ ಬೇಟೆಗೆ ನಿಯಮ ಮಾಡುವ ದೇಶಗಳ ಕೂಟವಾದ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1982ರಲ್ಲಿ ವ್ಯಾಪಾರಿ ಬೇಟೆಗೆ ತಡೆ ಹಾಕಲು ಮತ ಹಾಕಿತು. ಪರವಾಗಿ 25, ವಿರುದ್ಧ 7. 1986ರಿಂದ ಅದು ಜಾರಿಗೆ ಬಂತು. ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿತ್ತು. 20ನೇ ಶತಮಾನ ಒಂದರಲ್ಲೇ ಸುಮಾರು 29 ಲಕ್ಷ ತಿಮಿಂಗಿಲಗಳನ್ನು ಕೊಲ್ಲಲಾಗಿತ್ತು.

ತಡೆ ಬಂದ ಮೇಲೂ ಮೂರು ದೇಶ ಉಳಿದುಕೊಂಡವು. ನಾರ್ವೆ ತಡೆಗೆ ಆಕ್ಷೇಪ ಸಲ್ಲಿಸಿತ್ತು. ಅದರ ಆಧಾರದ ಮೇಲೆ 1993ರಲ್ಲಿ ವ್ಯಾಪಾರಿ ಬೇಟೆ ಮತ್ತೆ ಶುರು ಮಾಡಿತು. ಐಸ್‌ಲ್ಯಾಂಡ್ ನಿಲ್ಲಿಸಿ, ಆಯೋಗ ಬಿಟ್ಟು, ಮತ್ತೆ ಸೇರಿ, 2006ರಿಂದ ವ್ಯಾಪಾರಿ ಬೇಟೆಗೆ ಇಳಿಯಿತು. ಜಪಾನ್ 'ಸಂಶೋಧನೆ'ಯ ಹೆಸರಿನಲ್ಲಿ ಅಂಟಾರ್ಕ್ಟಿಕದವರೆಗೂ ಹೋಗಿ ಬೇಟೆಯಾಡುತ್ತಿತ್ತು. 2019ರ ಜೂನ್ 30ಕ್ಕೆ ಆಯೋಗದಿಂದ ಹೊರಬಂತು, ಮರುದಿನವೇ ತನ್ನದೇ ಸಮುದ್ರ ವಲಯದಲ್ಲಿ ವ್ಯಾಪಾರಿ ಬೇಟೆ ಶುರು ಮಾಡಿತು. ಅಂಟಾರ್ಕ್ಟಿಕಕ್ಕೆ ಹೋಗುವುದನ್ನು ಕೈಬಿಟ್ಟಿತು.

ಅಂದರೆ ಈಗ ಮೂವರೂ ಬೇಟೆಯಾಡುವುದು ಮುಖ್ಯವಾಗಿ ತಮ್ಮ ತಮ್ಮ ಸಮುದ್ರ ವಲಯದಲ್ಲಿ. ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ.

ಇನ್ನೊಂದು ಮಾತು. ಅಲಾಸ್ಕಾ, ಗ್ರೀನ್‌ಲ್ಯಾಂಡ್, ರಷ್ಯಾದ ಚುಕೋಟ್ಕಾ ಕಡೆಯ ಮೂಲನಿವಾಸಿಗಳು ತಮ್ಮ ಊಟಕ್ಕಾಗಿ ಆಯೋಗದ ಮಿತಿಯೊಳಗೆ ಮಾಡುವ ಬೇಟೆಯನ್ನು ಇದರ ಜೊತೆ ಕಲಸಬೇಡಿ. ಅದು ಬೇರೆಯೇ ವಿಷಯ. ಯಾವುದಾದರೂ ಸಂಘಟನೆ ಎರಡನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಿದ್ದರೆ ನಾನಂತೂ ಹಣ ಕೊಡುವ ಮುಂಚೆ ಎರಡು ಸಲ ಯೋಚಿಸುತ್ತೇನೆ.

ಸಮುದ್ರದ ಮೇಲೆ ಮಾಡುವ ಕೆಲಸ ಒಂದೇ ತರಹದ್ದಲ್ಲ

'ನೇರ ಕಾರ್ಯಾಚರಣೆ' ಅಂದ ಕೂಡಲೇ ಹಡಗಿಗೆ ಹಡಗು ಗುದ್ದುವ ಚಿತ್ರ ಕಣ್ಣಿಗೆ ಬರುತ್ತದೆ. ಆ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಕೆಲಸಗಳಿವೆ, ಅವುಗಳ ಅಪಾಯವೂ ಬೇರೆ, ಫಲವೂ ಬೇರೆ.

ಎಲ್ಲಕ್ಕಿಂತ ಸೌಮ್ಯವಾದದ್ದು ಹಿಂದೆ ಬಿದ್ದು ಚಿತ್ರ ತೆಗೆಯುವುದು. ಸುಮ್ನೆ ಕ್ಯಾಮೆರಾ ಹಿಡಿದರೆ ಏನಾಗುತ್ತದೆ ಅನ್ನಬೇಡಿ. ಸೋವಿಯತ್ ಒಕ್ಕೂಟದ ಹಡಗುಗಳು ದಕ್ಷಿಣಾರ್ಧಗೋಳದಲ್ಲಿ 48,000ಕ್ಕೂ ಹೆಚ್ಚು ಹಂಪ್‌ಬ್ಯಾಕ್ ತಿಮಿಂಗಿಲಗಳನ್ನು ಕೊಂದು, ಆಯೋಗಕ್ಕೆ 2,710 ಅಂತ ಲೆಕ್ಕ ಕೊಟ್ಟಿದ್ದವು. ನಿಜ ಹೊರಬಿದ್ದದ್ದು 1993ರಲ್ಲಿ, ಅದೂ ಅವರದೇ ವಿಜ್ಞಾನಿಗಳು ಬಾಯಿ ಬಿಟ್ಟ ಮೇಲೆ. ಯಾರೂ ನೋಡದ ಕಡೆ ಕೆಲಸ ನಡೆದರೆ ಲೆಕ್ಕ ಹೀಗಿರುತ್ತದೆ.

ಮುಂದಿನದು ನಡುವೆ ನಿಲ್ಲುವುದು. 1975ರ ಜೂನ್‌ನಲ್ಲಿ ಪರಿಸರ ಸಂಘಟನೆ ಗ್ರೀನ್‌ಪೀಸ್‌ನವರು ಕ್ಯಾಲಿಫೋರ್ನಿಯಾ ಕರಾವಳಿಯಾಚೆ 'ದಾಲ್ನಿ ವಸ್ತೋಕ್' ಎಂಬ ಸೋವಿಯತ್ ತಾಯಿ ಹಡಗಿನ (ಹಿಡಿದ ತಿಮಿಂಗಿಲವನ್ನು ಕೊಯ್ಯುವ ದೊಡ್ಡ ಹಡಗು) ಬೇಟೆ ಪಡೆಗೆ ಎದುರಾದರು. ಗಾಳಿ ತುಂಬಿದ ರಬ್ಬರ್ ದೋಣಿಯನ್ನು ಬೇಟೆ ಹಡಗಿಗೂ ಸ್ಪರ್ಮ್ ತಿಮಿಂಗಿಲಗಳಿಗೂ ನಡುವೆ ತಂದು ನಿಲ್ಲಿಸಿದರು. ದೋಣಿಯಲ್ಲಿದ್ದವರು ರಾಬರ್ಟ್ ಹಂಟರ್ ಮತ್ತು ಪಾಲ್ ವಾಟ್ಸನ್. ಹಾರ್ಪೂನ್, ಅಂದರೆ ಹಗ್ಗ ಕಟ್ಟಿ ಹಾರಿಸುವ ಈಟಿ, ಅವರ ತಲೆಯ ಮೇಲಿಂದಲೇ ಹಾರಿಹೋಗಿ ತಿಮಿಂಗಿಲಕ್ಕೆ ನಾಟಿತು. ತಿಮಿಂಗಿಲ ಉಳಿಯಲಿಲ್ಲ. ಆದರೆ ಆ ಚಿತ್ರ ಅಮೆರಿಕದ ಟಿವಿ ಸುದ್ದಿಯಲ್ಲಿ ಬಂತು. ಏಳು ವರ್ಷಕ್ಕೆ ಆಯೋಗದಲ್ಲಿ ತಡೆಯ ಮತ ಬಿತ್ತು. ಚಿತ್ರದಿಂದಲೇ ಮತ ಬಿತ್ತು ಅನ್ನಲಾರೆ. ಆದರೆ ಆ ತರಹದ ಚಿತ್ರ ಇಲ್ಲದೆ ಅಷ್ಟು ಬೇಗ ಬೀಳುತ್ತಿತ್ತು ಅಂತಲೂ ನನಗೆ ಅನಿಸುವುದಿಲ್ಲ.

1977ರಲ್ಲಿ ಆಸ್ಟ್ರೇಲಿಯಾದ ಆಲ್ಬನಿ ಬಳಿ ಇದೇ ಉಪಾಯ ನಡೆಯಿತು. ಅಲ್ಲಿನ ಚೇನ್ಸ್ ಬೀಚ್ ಕೇಂದ್ರ ಆ ದೇಶದ ಕೊನೆಯ ಬೇಟೆ ಕೇಂದ್ರ. ರಬ್ಬರ್ ದೋಣಿಗಳ ಗಲಾಟೆ ಸುದ್ದಿಯಾಯಿತು, ಸರ್ಕಾರ ಸಿಡ್ನಿ ಫ್ರಾಸ್ಟ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಸಿತು, ಬೇಟೆ ನಿಷೇಧಿಸಿ ಅಂತ ಅವರು ಶಿಫಾರಸು ಮಾಡಿದರು. ಕೇಂದ್ರ 1978ರ ನವೆಂಬರ್‌ನಲ್ಲೇ ಬಾಗಿಲು ಹಾಕಿತು. ಇಂಧನದ ಖರ್ಚು ಏರಿತ್ತು, ತಿಮಿಂಗಿಲ ಎಣ್ಣೆಗೆ ಗಿರಾಕಿ ಕಡಿಮೆಯಾಗಿತ್ತು. ಬೀಳಲು ತಯಾರಾಗಿದ್ದ ಮರಕ್ಕೆ ದೋಣಿಯವರು ಕೈ ಹಚ್ಚಿದರು ಅಂದರೂ ತಪ್ಪಿಲ್ಲ. ಅದು ಕೂಡ ಒಂದು ಕೆಲಸವೇ.

ಮೂರನೆಯದು ಬೇಟೆಯ ಕೆಲಸವನ್ನೇ ನಡೆಯದಂತೆ ಮಾಡುವುದು. ಹಿಂದೆ ಅಂಟಿಕೊಂಡು ಸಾಗುವುದು, ಇಂಧನ ತುಂಬಲು ಬಿಡದಿರುವುದು, ಪ್ರೊಪೆಲ್ಲರ್‌ಗೆ ಸಿಕ್ಕುವಂತೆ ಹಗ್ಗ ಎಳೆಯುವುದು ಇತ್ಯಾದಿ. ಕೊನೆಯದು ಹಡಗಿಗೇ ಹಾನಿ ಮಾಡುವುದು. ಈ ಕೊನೆಯ ಎರಡಕ್ಕೆ ಹೆಸರಾದದ್ದು ಸೀ ಶೆಫರ್ಡ್. ಗ್ರೀನ್‌ಪೀಸ್‌ನಿಂದ ಹೊರಬಿದ್ದ ವಾಟ್ಸನ್ 1977ರಲ್ಲಿ ಕಟ್ಟಿದ ಸಂಘಟನೆ ಅದು.

ಹಾನಿಯ ದಾರಿ ಒಮ್ಮೊಮ್ಮೆ ಕೆಲಸ ಮಾಡಿದೆ, ಸುಳ್ಳು ಹೇಳಬಾರದು. 'ಸಿಯೆರಾ' ಅಂತ ಒಂದು ಕಳ್ಳ ಬೇಟೆ ಹಡಗು ಇತ್ತು. ಬಾವುಟ ಬದಲಾಯಿಸುತ್ತಾ, ಯಾವ ನಿಯಮಕ್ಕೂ ಸಿಗದೆ ಅಟ್ಲಾಂಟಿಕ್‌ನಲ್ಲಿ ಕೊಲ್ಲುತ್ತಿತ್ತು. 1979ರಲ್ಲಿ ವಾಟ್ಸನ್ ಪೋರ್ಚುಗಲ್ ಬಳಿ ಅದಕ್ಕೆ ತಮ್ಮ ಹಡಗು ಗುದ್ದಿಸಿದರು. ಅದನ್ನು ರಿಪೇರಿ ಮಾಡುತ್ತಿದ್ದಾಗ, 1980ರ ಫೆಬ್ರುವರಿಯಲ್ಲಿ, ಲಿಸ್ಬನ್ ಬಂದರಿನಲ್ಲೇ ಯಾರೋ ಸ್ಫೋಟಕ ಇಟ್ಟು ಮುಳುಗಿಸಿದರು. ಅಲ್ಲಿಗೆ ಅದರ ಕಥೆ ಮುಗಿಯಿತು. ಹಿಂದೆ ಯಾವ ಸರ್ಕಾರವೂ ನಿಂತಿಲ್ಲದ, ಯಾರ ಅಭಿಮಾನಕ್ಕೂ ಸಂಬಂಧವಿಲ್ಲದ ಹಡಗು ಅದು. ಸರ್ಕಾರ ಬೆನ್ನಿಗಿರುವ ಹಡಗಿನ ವಿಷಯದಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಐಸ್‌ಲ್ಯಾಂಡ್ ನೋಡಬೇಕು.

ಒಂದೇ ದೇಶ, ಎರಡು ದಾರಿ

ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕೆಲವೇ ವರ್ಷಗಳ ಅಂತರದಲ್ಲಿ ಒಂದೇ ದೇಶದ ಮೇಲೆ ಎರಡು ದಾರಿಯೂ ಪ್ರಯೋಗ ಆಯಿತು.

1986ರ ನವೆಂಬರ್‌ನಲ್ಲಿ ಸೀ ಶೆಫರ್ಡ್‌ನ ಇಬ್ಬರು ರೇಕ್ಯಾವಿಕ್ ಬಂದರಿನಲ್ಲಿ ಹ್ವಾಲುರ್ 6, ಹ್ವಾಲುರ್ 7 ಎಂಬ ಎರಡು ಬೇಟೆ ಹಡಗುಗಳೊಳಗೆ ಹೋದರು. ನೀರು ಒಳಬರುವ ವಾಲ್ವ್ ತೆರೆದರು. ಹಡಗುಗಳು ನಿಂತಲ್ಲೇ ಮುಳುಗಿದವು. ಹ್ವಾಲ್‌ಫ್ಯೋರ್ಡ್‌ನಲ್ಲಿದ್ದ ಮಾಂಸ ಸಂಸ್ಕರಣೆ ಕೇಂದ್ರವನ್ನೂ ಹಾಳುಮಾಡಿದರು. ಯಾರಿಗೂ ಪೆಟ್ಟಾಗಲಿಲ್ಲ. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿ. ಫಲ? ಬೇಟೆ ನಿಲ್ಲಲಿಲ್ಲ. ಬೇರೆ ಹಡಗುಗಳಿದ್ದವು, ಸರ್ಕಾರಕ್ಕೂ ಜನರಿಗೂ ಸಿಟ್ಟು ಬಂತು.

ಮುಂದೆ 1988–89ರಲ್ಲಿ ಗ್ರೀನ್‌ಪೀಸ್ ಮತ್ತಿತರರು ಐಸ್‌ಲ್ಯಾಂಡಿನ ಮೀನು ಕೊಳ್ಳಬೇಡಿ ಅನ್ನುವ ಬಹಿಷ್ಕಾರ ನಡೆಸಿದರು. ತಿಮಿಂಗಿಲ ಅಲ್ಲ, ಮೀನು. ಆ ದೇಶದ ಹೊಟ್ಟೆ ತುಂಬುತ್ತಿದ್ದದ್ದೇ ಮೀನಿನ ರಫ್ತಿನಿಂದ. ಅಮೆರಿಕದ ರೆಸ್ಟೋರೆಂಟ್ ಸರಪಳಿಗಳು, ಪಶ್ಚಿಮ ಜರ್ಮನಿಯ ದೊಡ್ಡ ಅಂಗಡಿಗಳು ಒಪ್ಪಂದ ರದ್ದು ಮಾಡತೊಡಗಿದವು. ಬೇಟೆಯಿಂದ ಬರುವ ಪುಡಿಗಾಸಿಗೆ ಮೀನಿನ ದೊಡ್ಡ ವ್ಯಾಪಾರ ಕಳೆದುಕೊಳ್ಳುವುದೇ ಅಂತ ಐಸ್‌ಲ್ಯಾಂಡಿನ ಒಳಗೇ ಪ್ರಶ್ನೆ ಎದ್ದಿತು. 1989ರ ಋತು ಮುಗಿದ ಮೇಲೆ ಬೇಟೆ ನಿಂತಿತು. 2003ರವರೆಗೆ ಮತ್ತೆ ಶುರುವಾಗಲಿಲ್ಲ.

ವಾಲ್ವ್ ತೆರೆದದ್ದು ಒಂದು ರಾತ್ರಿಯ ಕೆಲಸ, ನೋಡಲು ರೋಚಕ. ಬಹಿಷ್ಕಾರ ಅಂದರೆ ಅಂಗಡಿಗಳ ಮುಂದೆ ಕರಪತ್ರ ಹಂಚುವುದು, ಕಂಪನಿಗಳಿಗೆ ಪತ್ರ ಬರೆಯುವುದು, ತಿಂಗಳುಗಟ್ಟಲೆ ಬೇಸರದ ಕೆಲಸ. ಹದಿನಾಲ್ಕು ವರ್ಷ ಬೇಟೆ ನಿಂತದ್ದು ಆ ಬೇಸರದ ಕೆಲಸದಿಂದ.

ಅಂಟಾರ್ಕ್ಟಿಕದಲ್ಲಿ ಮಾತ್ರ ಲೆಕ್ಕ ಬೇರೆ

ಹಾಗಾದರೆ ಸಮುದ್ರದ ಮೇಲಿನ ತಡೆ ವ್ಯರ್ಥವೇ? ಅಲ್ಲ. ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಜಪಾನಿನ ಎರಡನೇ ಹಂತದ ಅಂಟಾರ್ಕ್ಟಿಕ 'ಸಂಶೋಧನೆ' 2005ರಲ್ಲಿ ಶುರುವಾಯಿತು. ವರ್ಷಕ್ಕೆ ಸುಮಾರು 850 ಮಿಂಕಿ, 50 ಫಿನ್, 50 ಹಂಪ್‌ಬ್ಯಾಕ್ ಜಾತಿಯ ತಿಮಿಂಗಿಲ ಕೊಲ್ಲುವ ಗುರಿ. ಮೊದಲ ಋತುವಿನಲ್ಲಿ 853 ಮಿಂಕಿ ಹಿಡಿದರು. ಅಂದರೆ ಆ ಗುರಿ ಮುಟ್ಟುವ ತಾಕತ್ತು ಅವರಿಗಿತ್ತು. 2010–11ರಲ್ಲಿ ಹಿಡಿದದ್ದು 170. 2011–12ರಲ್ಲಿ 266, ಮುಂದಿನ ವರ್ಷ 103, ಅದರ ಮುಂದಿನ ವರ್ಷ 251. ಈ ನಾಲ್ಕು ಋತು ಸೇರಿಸಿದರೂ 790. ಒಂದೇ ಋತುವಿನ ಗುರಿಯಷ್ಟೂ ಇಲ್ಲ.

ಇದೆಲ್ಲ ಸೀ ಶೆಫರ್ಡ್‌ನದೇ ಸಾಧನೆ ಅನ್ನುವುದು ಜಾಸ್ತಿಯಾಯಿತು. ಜಪಾನಿನಲ್ಲಿ ಮಾಂಸ ಖರ್ಚಾಗದೆ ಶೀತಾಗಾರದಲ್ಲಿ ಬೀಳುತ್ತಿತ್ತು, ಹಡಗುಗಳೂ ಹಳೆಯವು. 2006–07ರ ಋತು ಬೇಗ ಮುಗಿದದ್ದು ತಾಯಿ ಹಡಗಿಗೆ ಬೆಂಕಿ ಬಿದ್ದದ್ದರಿಂದ. ಹಂಪ್‌ಬ್ಯಾಕ್‌ಗಳು ಉಳಿದದ್ದಂತೂ ಪೂರ್ತಿ ರಾಜತಾಂತ್ರಿಕ ಒತ್ತಡದಿಂದ, 2007ರ ಡಿಸೆಂಬರ್‌ನಲ್ಲಿ ಜಪಾನ್ ಆ ಭಾಗವನ್ನು ಮುಂದೂಡಿತು, ಆಮೇಲೆ ಒಂದನ್ನೂ ಕೊಲ್ಲಲಿಲ್ಲ. ಆದರೂ 2011ರ ಫೆಬ್ರುವರಿಯಲ್ಲಿ ಬೇಟೆ ಪಡೆಯನ್ನು ಅರ್ಧಕ್ಕೇ ವಾಪಸ್ ಕರೆಸಿಕೊಂಡಾಗ ಪ್ರತಿಭಟನಾಕಾರರ ಅಡ್ಡಿಯೇ ಕಾರಣ ಅಂತ ಜಪಾನ್ ಸರ್ಕಾರವೇ ಹೇಳಿತು. ಎದುರಾಳಿಯೇ ಒಪ್ಪಿಕೊಂಡದ್ದನ್ನು ನಾವು ಯಾಕೆ ಅಲ್ಲಗಳೆಯಬೇಕು, ಅಲ್ವಾ?

ಅಲ್ಲಿ ಯಾಕೆ ಸಾಧ್ಯವಾಯಿತು ಅನ್ನುವುದು ಮುಖ್ಯ. ಕಾರಣ ಆ ಬೇಟೆ ನಡೆಯುವ ರೀತಿಯಲ್ಲೇ ಇತ್ತು. ಸಣ್ಣ ಬೇಟೆ ಹಡಗುಗಳು ಹಾರ್ಪೂನ್ ಹೊಡೆಯುತ್ತವೆ. ಆದರೆ ಸತ್ತ ತಿಮಿಂಗಿಲವನ್ನು ಕೊಯ್ಯುವುದು, ಪ್ಯಾಕ್ ಮಾಡುವುದು, ಶೀತಾಗಾರಕ್ಕೆ ಹಾಕುವುದು ಎಲ್ಲ ನಡೆಯುವುದು ಒಂದೇ ಹಡಗಿನಲ್ಲಿ, ನಿಶಿನ್ ಮಾರು ಎಂಬ ತಾಯಿ ಹಡಗಿನಲ್ಲಿ. ಆ ಹಡಗಿನ ಹಿಂಭಾಗದಲ್ಲಿ ನೀರಿನ ಮಟ್ಟದಿಂದ ಮೇಲಕ್ಕೆ ಏರುವ ಒಂದು ಇಳಿಜಾರು ದಾರಿ ಇರುತ್ತದೆ. ಬೇಟೆ ಹಡಗು ತಿಮಿಂಗಿಲವನ್ನು ಪಕ್ಕಕ್ಕೆ ಕಟ್ಟಿಕೊಂಡು ಬಂದು, ಹಗ್ಗ ದಾಟಿಸಿ, ಆ ಇಳಿಜಾರಿನಿಂದ ಮೇಲಕ್ಕೆ ಎಳೆಸಬೇಕು. ಬೇರೆ ಬಾಗಿಲೇ ಇಲ್ಲ. ಸೀ ಶೆಫರ್ಡ್ ಕಂಡುಕೊಂಡದ್ದು ಇಷ್ಟೇ: ಆ ಇಳಿಜಾರಿನ ಹಿಂದೆ ತಮ್ಮ ಹಡಗನ್ನು ಬಿಡದೆ ಅಂಟಿಸಿಕೊಂಡು ಹೋದರೆ ತಿಮಿಂಗಿಲ ಏರಿಸಲು ಜಾಗವೇ ಇರುವುದಿಲ್ಲ. ಏರಿಸಲು ಆಗದಿದ್ದರೆ ಹೊಡೆದು ಏನು ಪ್ರಯೋಜನ? ದುರ್ವಾಸನೆಯ ಬಾಟಲಿ ಎಸೆಯುವುದು, ಲೇಸರ್ ಬಿಡುವುದು ಎಲ್ಲ ಟಿವಿಗೆ ಚೆನ್ನಾಗಿತ್ತು. ನಿಜವಾದ ಕೆಲಸ ಮಾಡಿದ್ದು ಬೇಸರ ಹಿಡಿಸುವ ಈ ಹಿಂಬಾಲಿಕೆ.

ಎರಡನೇ ದೌರ್ಬಲ್ಯ ಇಂಧನ. ಆ ಪಡೆ ತಿಂಗಳುಗಟ್ಟಲೆ ಅಲ್ಲಿರಬೇಕು, ನಡುವೆ ಟ್ಯಾಂಕರ್‌ನಿಂದ ಎಣ್ಣೆ ತುಂಬಿಸಿಕೊಳ್ಳಬೇಕು. 2013ರ ಫೆಬ್ರುವರಿಯಲ್ಲಿ ಸೀ ಶೆಫರ್ಡ್‌ನ 'ಬಾಬ್ ಬಾರ್ಕರ್' ಹಡಗು ನಿಶಿನ್ ಮಾರುಗೂ 'ಸನ್ ಲಾರೆಲ್' ಎಂಬ ಟ್ಯಾಂಕರ್‌ಗೂ ನಡುವೆ ತೂರಿಕೊಂಡಿತು. ಸುಮಾರು 8,000 ಟನ್ನಿನ ತಾಯಿ ಹಡಗು ಒಂದು ಕಡೆ, ಎಣ್ಣೆ ತುಂಬಿದ ಟ್ಯಾಂಕರ್ ಇನ್ನೊಂದು ಕಡೆ. ಹಡಗುಗಳು ಒಂದಕ್ಕೊಂದು ತಾಗಿದವು. ನೀವೇ ಗುದ್ದಿದ್ದು ಅಂತ ಎರಡೂ ಕಡೆಯವರು ಬೈದಾಡಿದರು. ಆ ಟ್ಯಾಂಕರ್ ಒಡೆದಿದ್ದರೆ ಅಂಟಾರ್ಕ್ಟಿಕದ ನೀರಿನಲ್ಲಿ ಏನಾಗುತ್ತಿತ್ತು ಅಂತ ಯೋಚಿಸಿದರೆ ಮೈ ಜುಮ್ ಅನ್ನುತ್ತದೆ. ಹಾಗೆ ಆಗಲಿಲ್ಲ ಅನ್ನುವುದು ಅದೃಷ್ಟ. ಆ ಋತುವಿನಲ್ಲೇ ಬೇಟೆ 103ಕ್ಕೆ ಇಳಿದದ್ದು.

ಒಟ್ಟಿನಲ್ಲಿ ಅಲ್ಲಿ ಮೂರು ಅನುಕೂಲ ಒಟ್ಟಿಗೆ ಸಿಕ್ಕಿದ್ದವು. ಹಿಡಿದರೆ ಎಲ್ಲ ನಿಲ್ಲುವಂತಹ ಒಂದೇ ಹಡಗು. ಯಾವ ದೇಶದ ಕರಾವಳಿ ಪಡೆಯೂ ಬಂದು ಬಂಧಿಸದ ದೂರದ ಸಮುದ್ರ. ಮತ್ತು ಬೇಟೆಗೇ ಗಟ್ಟಿಯಾದ ಕಾನೂನಿನ ನೆಲೆ ಇಲ್ಲದಿರುವುದು. ನಾರ್ವೆಯಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಅಲ್ಲಿ ಬೇಸಿಗೆಯಲ್ಲಿ ಮಿಂಕಿ ಹಿಡಿಯುವವರು ಸಣ್ಣ ದೋಣಿಗಳ ಮೀನುಗಾರರು. ಎಷ್ಟು ದೋಣಿಯ ಹಿಂದೆ ಓಡುತ್ತೀರಿ?

ಕೋರ್ಟಿನ ದಾರಿ

ಆಸ್ಟ್ರೇಲಿಯಾ 2010ರಲ್ಲಿ ಜಪಾನಿನ ಮೇಲೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿತು. 2014ರ ಮಾರ್ಚ್ 31ಕ್ಕೆ ತೀರ್ಪು ಬಂತು, 12ಕ್ಕೆ 4. ಕೊಟ್ಟ ಪರವಾನಗಿಗಳು ವೈಜ್ಞಾನಿಕ ಸಂಶೋಧನೆಗೆ ಅನ್ನಲಾಗದು, ರದ್ದು ಮಾಡಿ ಅಂದರು. 2005ರಿಂದ ಸುಮಾರು 3,600 ಮಿಂಕಿ ಕೊಂದಿದ್ದೀರಿ, ಅದರಿಂದ ಬಂದ ವಿದ್ವತ್ ಲೇಖನ ಎರಡು ಅನ್ನುವುದನ್ನು ನ್ಯಾಯಾಲಯ ಎತ್ತಿ ತೋರಿಸಿತು.

ತೀರ್ಪಿನಲ್ಲಿ ನನಗೆ ಬಹಳ ಕುತೂಹಲ ಅನಿಸಿದ ಭಾಗ ಬೇರೆ ಇದೆ. ಗುರಿಗೂ ಹಿಡಿದದ್ದಕ್ಕೂ ಇಷ್ಟೊಂದು ಅಂತರ ಯಾಕೆ ಅನ್ನುವ ಪ್ರಶ್ನೆಗೆ ಜಪಾನ್ ಕೊಟ್ಟ ಕಾರಣಗಳಲ್ಲಿ ಸೀ ಶೆಫರ್ಡ್‌ನ ಅಡ್ಡಿಯೂ ಒಂದು. ಸರಿ, ಆದರೆ ಕಡಿಮೆ ಹಿಡಿದ ಮೇಲೂ ನಿಮ್ಮ ಸಂಶೋಧನೆಯ ಉದ್ದೇಶವನ್ನು ಬದಲಾಯಿಸಲೇ ಇಲ್ಲವಲ್ಲ, ಹಾಗಾದರೆ ಅಷ್ಟು ದೊಡ್ಡ ಗುರಿ ಬೇಕಿತ್ತೇ ಅನ್ನುವ ಕಡೆಗೆ ನ್ಯಾಯಾಲಯದ ವಾದ ಹೋಯಿತು. ಸಮುದ್ರದಲ್ಲಿ ಹಡಗಿಗೆ ಅಡ್ಡ ಹಾಕಿದ್ದು ಹೇಗ್‌ನಲ್ಲಿ ಪುರಾವೆಯಾಗಿ ಬಂದು ನಿಂತಿತು. ಎರಡು ದಾರಿಯವರೂ ಒಬ್ಬರನ್ನೊಬ್ಬರು ಬೈಯುತ್ತಿದ್ದರು, ಆದರೆ ಒಬ್ಬರ ಕೆಲಸ ಇನ್ನೊಬ್ಬರಿಗೆ ಒದಗಿತು.

ಫಲ ಏನು? 2014–15ರಲ್ಲಿ ಅಂಟಾರ್ಕ್ಟಿಕದಲ್ಲಿ ಒಂದೂ ತಿಮಿಂಗಿಲ ಸಾಯಲಿಲ್ಲ. ಮರುವರ್ಷ ಜಪಾನ್ ಹೊಸ ಹೆಸರಿನ ಯೋಜನೆ ತಂದು, ಗುರಿಯನ್ನು 333ಕ್ಕೆ ಇಳಿಸಿ ಮತ್ತೆ ಹೊರಟಿತು. ಆಗ ಬೇಟೆ ಪಡೆ ಉಪಗ್ರಹದ ಕಣ್ಗಾವಲು ಇಟ್ಟುಕೊಂಡು ತಪ್ಪಿಸಿಕೊಳ್ಳುತ್ತಿತ್ತು. ಅದರ ಜೊತೆ ಪೈಪೋಟಿ ಸಾಧ್ಯವಿಲ್ಲ ಅಂತ 2017ರಲ್ಲಿ ಸೀ ಶೆಫರ್ಡ್ ದಕ್ಷಿಣ ಮಹಾಸಾಗರದ ಅಭಿಯಾನವನ್ನೇ ನಿಲ್ಲಿಸಿತು. ಆಮೇಲೆಯೂ ಬೇಟೆ ವರ್ಷಕ್ಕೆ 333ಕ್ಕೆ ನಿಂತದ್ದು ತೀರ್ಪಿನ ಭಯದಿಂದಲೇ ಅಂತ ನನ್ನ ಅಂದಾಜು.

ಕೋರ್ಟಿನ ದಾರಿಗೂ ಮಿತಿ ಇದೆ. 2015ರ ಅಕ್ಟೋಬರ್‌ನಲ್ಲಿ ಜಪಾನ್, ಸಮುದ್ರದ ಜೀವಸಂಪತ್ತಿಗೆ ಸಂಬಂಧಿಸಿದ ತಕರಾರುಗಳಲ್ಲಿ ಈ ನ್ಯಾಯಾಲಯದ ಅಧಿಕಾರ ಒಪ್ಪುವುದಿಲ್ಲ ಅಂತ ಘೋಷಿಸಿತು. ಬಾಗಿಲು ಹಾಕಿಕೊಂಡಿತು. ಅಷ್ಟೇ ಅಲ್ಲ, ದಾವೆ ಹೂಡಬೇಕಾದದ್ದು ಸರ್ಕಾರಗಳು. ನಿಮ್ಮ ದೇಣಿಗೆಯಿಂದ ದಾವೆ ನಡೆಯುವುದಿಲ್ಲ. ಸರ್ಕಾರಗಳ ಮೇಲೆ ಒತ್ತಡ ಹಾಕುವವರಿಗೆ, ದಾಖಲೆ ಕೂಡಿಸುವ ವಕೀಲರಿಗೆ ಕೊಡಬಹುದು, ಫಲ ಯಾವಾಗ ಅಂತ ಕೇಳಬಾರದು.

ಸಮುದ್ರದ ತಡೆಗೆ ತೆತ್ತ ಬೆಲೆ

ಜೀವದ ಅಪಾಯ ಮೊದಲನೆಯದು. 2010ರ ಜನವರಿ 6ರಂದು ಸೀ ಶೆಫರ್ಡ್‌ನ 'ಆಡಿ ಗಿಲ್' ಎಂಬ ವೇಗದ ದೋಣಿಗೂ ಜಪಾನಿನ 'ಶೋನಾನ್ ಮಾರು 2' ಹಡಗಿಗೂ ಡಿಕ್ಕಿಯಾಯಿತು. ದೋಣಿಯ ಮೂತಿ ಕತ್ತರಿಸಿಹೋಗಿ, ಕೊನೆಗೆ ಮುಳುಗಿತು. ಆರು ಜನರೂ ಬದುಕಿದರು. ಅದರ ನಾಯಕ ಪೀಟ್ ಬೆಥೂನ್ ಮುಂದಿನ ತಿಂಗಳು ಕತ್ತಲಲ್ಲಿ ಶೋನಾನ್ ಮಾರು 2 ಹತ್ತಿ, ಜಪಾನಿನಲ್ಲಿ ಬಂಧನಕ್ಕೊಳಗಾಗಿ, ಎರಡು ವರ್ಷದ ಅಮಾನತು ಶಿಕ್ಷೆ ಪಡೆದರು.

ಆ ಘಟನೆಯ ಬಾಲ ಎಷ್ಟು ಉದ್ದ ಗೊತ್ತೇ? 2024ರ ಜುಲೈನಲ್ಲಿ ಗ್ರೀನ್‌ಲ್ಯಾಂಡಿನ ನೂಕ್ ಬಂದರಿನಲ್ಲಿ ಇಂಧನಕ್ಕೆಂದು ನಿಂತ ವಾಟ್ಸನ್ ಅವರನ್ನು ಪೊಲೀಸರು ಹಿಡಿದರು. 2010ರ ಪ್ರಕರಣದ ಜಪಾನಿ ವಾರಂಟ್ ಮೇಲೆ. ಸುಮಾರು ಐದು ತಿಂಗಳು ಒಳಗಿದ್ದರು. ಡೆನ್ಮಾರ್ಕ್ ಅವರನ್ನು ಜಪಾನಿಗೆ ಒಪ್ಪಿಸುವುದಿಲ್ಲ ಅಂತ ಡಿಸೆಂಬರ್‌ನಲ್ಲಿ ತೀರ್ಮಾನಿಸಿದ ಮೇಲೆ ಹೊರಬಂದರು. ಹಡಗಿನ ಸಿಬ್ಬಂದಿಯಾಗಿ ಸ್ವಯಂಸೇವೆಗೆ ಹೊರಟ ಯುವಕರು ಇದನ್ನು ಗಮನಿಸಬೇಕು. ಪ್ರಸಿದ್ಧರಿಗೆ ಬಿಡುಗಡೆಗಾಗಿ ಕೂಗಲು ಜಗತ್ತೇ ಇರುತ್ತದೆ. ನಿಮಗೆ ಯಾರಿರುತ್ತಾರೆ? ಹಡಗು ಯಾವ ದೇಶದ ಬಾವುಟದ್ದು, ಬಂಧನವಾದರೆ ವಕೀಲರ ಖರ್ಚು ಯಾರದು ಅನ್ನುವುದನ್ನು ಬರಹದಲ್ಲಿ ಕೇಳಿ.

ಹಣದ ಬೆಲೆಯೂ ಇದೆ. ಅಮೆರಿಕದ ಮೇಲ್ಮನವಿ ನ್ಯಾಯಾಲಯ 2013ರಲ್ಲಿ ಸೀ ಶೆಫರ್ಡ್‌ನ ಕೆಲಸವನ್ನು ಕಡಲ್ಗಳ್ಳತನ ಅಂದಿತು. ಬೇಟೆ ಹಡಗುಗಳಿಂದ ದೂರವಿರಿ ಅನ್ನುವ ನ್ಯಾಯಾಲಯದ ಆದೇಶ ಮೀರಿದ್ದಕ್ಕೆ ಅಮೆರಿಕದ ಸೀ ಶೆಫರ್ಡ್ 2015ರಲ್ಲಿ 25.5 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು. ಕೊಟ್ಟದ್ದು ಯಾರಿಗೆ? ಜಪಾನಿ ಬೇಟೆಗಾರರಿಗೇ. ತಿಮಿಂಗಿಲ ಉಳಿಸಲೆಂದು ಜನ ಕೊಟ್ಟ ದೇಣಿಗೆ ಆ ಕಡೆ ಹೋದದ್ದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಣ್ಣಿಗೆ ಕಾಣದ ಬೆಲೆ ಇನ್ನೊಂದು. ಜಪಾನಿನಲ್ಲಿ ತಿಮಿಂಗಿಲ ಮಾಂಸ ತಿನ್ನುವವರು ಕಡಿಮೆಯಾಗುತ್ತಲೇ ಬಂದಿದ್ದಾರೆ. 1960ರ ದಶಕದ ಆರಂಭದಲ್ಲಿ ವರ್ಷಕ್ಕೆ 2 ಲಕ್ಷ ಟನ್ ದಾಟಿದ್ದ ಬಳಕೆ ಈಗ ಕೆಲವು ಸಾವಿರ ಟನ್ನಿಗೆ ಬಂದಿದೆ. ವ್ಯಾಪಾರ ನಷ್ಟದ್ದು. ಆದರೆ ಪರದೇಶದವರು ಬಂದು ನಮ್ಮ ಹಡಗಿಗೆ ಗುದ್ದುತ್ತಾರೆ ಅನ್ನುವ ಚಿತ್ರ ಟಿವಿಯಲ್ಲಿ ಬಂದಾಗ, ಮಾಂಸ ತಿನ್ನದವರಿಗೂ ಅಭಿಮಾನದ ಪ್ರಶ್ನೆ ಆಯಿತು. 2011ರ ಭೂಕಂಪ, ಸುನಾಮಿಯ ಪುನರ್ನಿರ್ಮಾಣದ ಹಣದಿಂದ 228 ಕೋಟಿ ಯೆನ್ ಬೇಟೆಗೆ ಹೋಯಿತು, ಅದರಲ್ಲಿ ಸೀ ಶೆಫರ್ಡ್ ವಿರುದ್ಧದ ಭದ್ರತೆಯ ಖರ್ಚೂ ಸೇರಿತ್ತು. ಇದಕ್ಕೆ ಜಪಾನಿನ ಒಳಗೇ ಟೀಕೆ ಬಂತು ಅನ್ನುವುದೂ ನಿಜ. ಸಮುದ್ರದ ಮೇಲಿನ ತಡೆಯೇ ಇಲ್ಲದಿದ್ದರೆ ಜಪಾನ್ ಮೊದಲೇ ಬಿಡುತ್ತಿತ್ತು ಅನ್ನುವ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ, 853ರ ಲೆಕ್ಕ ಕಣ್ಣ ಮುಂದಿದೆ. ಆದರೆ ಬಿಡುವುದನ್ನು ಕಷ್ಟ ಮಾಡಿತು ಅನ್ನುವುದನ್ನು ತಳ್ಳಿಹಾಕಲು ಆಗದು.

ದೇಶದೊಳಗಿನ ಕೆಲಸ

ಹೊರಗಿನವರು ಬಂದು ಬೈದರೆ ಹಟ, ಒಳಗಿನವರು ಕೇಳಿದರೆ ನಾಚಿಕೆ. ಇದು ಬೇಟೆಯ ವಿಷಯದಲ್ಲಿ ಮತ್ತೆ ಮತ್ತೆ ಕಂಡದ್ದು.

2008ರಲ್ಲಿ ಗ್ರೀನ್‌ಪೀಸ್‌ನ ಇಬ್ಬರು ಜಪಾನಿ ಕಾರ್ಯಕರ್ತರು ಅಓಮೊರಿಯ ಒಂದು ಸಾಗಣೆ ಡಿಪೋದಿಂದ ಒಂದು ಪೆಟ್ಟಿಗೆ ಎತ್ತಿಕೊಂಡರು. ಮೇಲಿನ ಚೀಟಿಯಲ್ಲಿ 'ರಟ್ಟು' ಅಂತ ಬರೆದಿತ್ತು. ಒಳಗೆ 23 ಕಿಲೋ ತಿಮಿಂಗಿಲ ಮಾಂಸ. ತಾಯಿ ಹಡಗಿನ ಸಿಬ್ಬಂದಿಯೊಬ್ಬರು ಮನೆಗೆ ಕಳಿಸಿದ್ದು. ಸಂಶೋಧನೆಯ ಮಾಂಸವನ್ನು ಸಿಬ್ಬಂದಿ ಹೊಡೆದುಕೊಳ್ಳುತ್ತಿದ್ದಾರೆ ಅಂತ ಇವರು ಪೆಟ್ಟಿಗೆಯನ್ನು ಪುರಾವೆಯಾಗಿ ಒಪ್ಪಿಸಿದರು. ಕಳ್ಳತನದ ಕೇಸು ಬಿದ್ದದ್ದು ಇವರ ಮೇಲೆಯೇ. 2010ರಲ್ಲಿ ಒಂದು ವರ್ಷದ ಅಮಾನತು ಶಿಕ್ಷೆಯಾಯಿತು. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ, ನಮ್ಮ ಕೆಲವು ಅಧಿಕಾರಿಗಳು ತಿಮಿಂಗಿಲ ಮಾಂಸವನ್ನು ಉಡುಗೊರೆಯಾಗಿ ಪಡೆದದ್ದು ನಿಜ ಅಂತ ಜಪಾನಿನ ಮೀನುಗಾರಿಕೆ ಇಲಾಖೆ ಕ್ಷಮೆ ಕೇಳಿತು. ಹಾರ್ಪೂನ್ ಇಲ್ಲ, ಹಿಮಗಡ್ಡೆ ಇಲ್ಲ, ಒಂದು ರಟ್ಟಿನ ಪೆಟ್ಟಿಗೆ. 'ವಿಜ್ಞಾನ' ಅನ್ನುವ ಮುಖವಾಡ ಸ್ವದೇಶದಲ್ಲೇ ಜಾರಿತು.

ಐಸ್‌ಲ್ಯಾಂಡ್‌ನಲ್ಲಿ ಈಚೆಗೆ ಆದದ್ದೂ ಹೀಗೆಯೇ. 2022ರಲ್ಲಿ ಬೇಟೆಯಾದ ಫಿನ್ ತಿಮಿಂಗಿಲಗಳು ಸಾಯಲು ಎಷ್ಟು ಹೊತ್ತು ಹಿಡಿಯಿತು ಅಂತ ಅಲ್ಲಿನ ಆಹಾರ ಮತ್ತು ಪಶುವೈದ್ಯ ಪ್ರಾಧಿಕಾರ ಲೆಕ್ಕ ಹಾಕಿತು. ಕೆಲವಕ್ಕೆ ಒಂದಕ್ಕಿಂತ ಹೆಚ್ಚು ಹಾರ್ಪೂನ್ ಬೇಕಾಯಿತು, ಎರಡು ಗಂಟೆ ನರಳಿದ್ದೂ ಇತ್ತು. ಸರ್ಕಾರದ್ದೇ ವರದಿ ಆದ್ದರಿಂದ ವಿದೇಶಿ ಪಿತೂರಿ ಅನ್ನಲು ಆಗಲಿಲ್ಲ. 2023ರ ಜೂನ್‌ನಲ್ಲಿ ಸಚಿವೆ ಸ್ವಾಂಡಿಸ್ ಸ್ವಾವರ್ಸ್‌ಡೊಟ್ಟಿರ್ ಆಗಸ್ಟ್ ಕೊನೆಯವರೆಗೆ ಬೇಟೆ ತಡೆದರು. ತಡೆ ಮುಗಿದ ಮೇಲೆ ಇಬ್ಬರು ಮಹಿಳೆಯರು ಬಂದರಿನಲ್ಲಿ ಬೇಟೆ ಹಡಗುಗಳ ಕಂಬದ ತುದಿ ಹತ್ತಿ ಒಂದು ದಿನಕ್ಕೂ ಹೆಚ್ಚು ಕೂತರು. ಅದೂ ನೇರ ಕಾರ್ಯಾಚರಣೆಯೇ, ಆದರೆ ನಗರದ ನಡುವೆ, ಜನರ ಕಣ್ಣೆದುರು, ಚರ್ಚೆ ಕಾವೇರಿದ್ದ ಹೊತ್ತಿನಲ್ಲಿ. ಆ ವರ್ಷ ಸತ್ತದ್ದು 24. ಮುಂದಿನ ಎರಡು ಬೇಸಿಗೆ ಫಿನ್ ಬೇಟೆ ನಡೆಯಲಿಲ್ಲ. 2025ರಲ್ಲಿ ಬೇಟೆ ಕಂಪನಿ ಹೇಳಿದ ಕಾರಣ ಜಪಾನಿನಲ್ಲಿ ಬೆಲೆ ಬಿದ್ದಿದೆ ಅಂತ.

ಬೇಟೆಗಿಂತ ಬದುಕಿರುವ ತಿಮಿಂಗಿಲ ತೋರಿಸಿ ಗಳಿಸುವುದೇ ಜಾಸ್ತಿ ಅನ್ನುವ ವಾದವೂ ಅಲ್ಲಿ ಚೆನ್ನಾಗಿ ನಾಟಿದೆ. ಜಗತ್ತಿನಾದ್ಯಂತ 2008ರಲ್ಲೇ ಸುಮಾರು 1.3 ಕೋಟಿ ಜನ ತಿಮಿಂಗಿಲ ನೋಡಲು ಹೋಗಿದ್ದರು, 200 ಕೋಟಿ ಡಾಲರ್ ಮೀರಿದ ವ್ಯವಹಾರ ಅದು. ಪ್ರವಾಸಿಗರೇ ಕುತೂಹಲಕ್ಕೆ ಮಿಂಕಿ ಮಾಂಸ ತಿಂದು ಬೇಟೆ ಉಳಿಸುತ್ತಿದ್ದರು, ಆದ್ದರಿಂದ ತಿನ್ನಬೇಡಿ ಅನ್ನುವ ಪ್ರಚಾರಕ್ಕೆ ಖರ್ಚೂ ಕಡಿಮೆ, ಫಲವೂ ಬೇಗ. ನಾರ್ವೆಯಲ್ಲಂತೂ ಕೋಟಾ ಸಾವಿರ ದಾಟಿದ್ದರೂ ಹಿಡಿಯುವುದು ಅದರ ಅರ್ಧಕ್ಕೂ ಕಡಿಮೆ. ಕೊಳ್ಳುವವರಿಲ್ಲ.

ಆರಿಸುವಾಗ

ಹಣ ಕೊಡುವವರಿಗೆ ನನ್ನ ಸಲಹೆ: ಇವತ್ತಿನ ಮೂರು ದೇಶಗಳ ವಿಷಯದಲ್ಲಾದರೆ, ಆಯಾ ದೇಶದೊಳಗೆ, ಆಯಾ ದೇಶದವರೇ ನಡೆಸುವ ಗುಂಪುಗಳಿಗೆ ಮೊದಲ ಪಾಲು. ಮಾರುಕಟ್ಟೆ, ಪ್ರವಾಸಿಗರು, ಪ್ರಾಣಿಹಿಂಸೆಯ ಕಾನೂನು, ಇವುಗಳ ಮೇಲೆ ಕೆಲಸ ಮಾಡುವವರಿಗೆ.

ತಿಮಿಂಗಿಲಗಳ ಸಾವು ಒಟ್ಟಾರೆ ಕಡಿಮೆಯಾಗಬೇಕು ಅನ್ನುವುದಷ್ಟೇ ನಿಮ್ಮ ಆಸೆಯಾದರೆ, ಬೇಟೆಯನ್ನೇ ಬಿಟ್ಟು ಬೇರೆ ಕಡೆ ನೋಡಿ. ಮೀನಿನ ಬಲೆಗೆ ಸಿಕ್ಕಿ ವರ್ಷಕ್ಕೆ ಸುಮಾರು 3 ಲಕ್ಷ ತಿಮಿಂಗಿಲ, ಡಾಲ್ಫಿನ್, ಪಾರ್ಪಾಯ್ಸ್‌ಗಳು ಸಾಯುತ್ತವೆ ಅನ್ನುವ ಅಂದಾಜಿದೆ. ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲಗಳು ಉಳಿದಿರುವುದೇ ನಾಲ್ಕು ನೂರಕ್ಕಿಂತ ಕಡಿಮೆ. ಅವನ್ನು ಯಾರೂ ಬೇಟೆಯಾಡುತ್ತಿಲ್ಲ. ಏಡಿ, ಲಾಬ್‌ಸ್ಟರ್ ಬುಟ್ಟಿಯ ಹಗ್ಗ ಸುತ್ತಿಕೊಂಡು, ಹಡಗು ಗುದ್ದಿ ಸಾಯುತ್ತಿವೆ. ಹಗ್ಗವಿಲ್ಲದ ಬುಟ್ಟಿ, ಹಡಗುಗಳಿಗೆ ವೇಗಮಿತಿ, ಇಂಥದ್ದಕ್ಕೆ ಹೋರಾಡುವವರಿಗೆ ದೇಣಿಗೆ ಸಿಗುವುದು ಕಷ್ಟ, ಯಾಕೆಂದರೆ ತೋರಿಸಲು ರೋಚಕ ಚಿತ್ರ ಇಲ್ಲ.

ಸಮುದ್ರದ ಮೇಲೇ ಏನಾದರೂ ಆಗಬೇಕು ಅನ್ನುವವರು ತಡೆಯುವ ಹಡಗಿಗಿಂತ ದಾಖಲಿಸುವ ಹಡಗಿಗೆ ಕೊಡಿ. ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿ: ಈ ಋತು ಮುಗಿದ ಮೇಲೆ ನೀವು ತಂದ ಚಿತ್ರವನ್ನು ಯಾರ ಮುಂದೆ ಇಡುತ್ತೀರಿ? ಸಂಸತ್ತು, ಕೋರ್ಟು, ಕೊಳ್ಳುವ ಕಂಪನಿ ಅಂತ ಉತ್ತರ ಬಂದರೆ ಸರಿ. ಮುಂದಿನ ವರ್ಷದ ದೇಣಿಗೆ ಸಂಗ್ರಹಕ್ಕೆ ಅನ್ನುವಂತೆ ಕೇಳಿಸಿದರೆ ಮುಂದೆ ಹೋಗಿ.

ಲೆಕ್ಕ ಬದಲಾಗುವುದು ಯಾವಾಗ?

2024ರ ಮೇ ತಿಂಗಳಲ್ಲಿ ಜಪಾನಿನ ಹೊಸ ತಾಯಿ ಹಡಗು 'ಕಂಗೇ ಮಾರು' ಶಿಮೊನೊಸೆಕಿಯಿಂದ ಹೊರಟಿತು. ಅದಕ್ಕೆ ತಗುಲಿದ ಖರ್ಚು ಸುಮಾರು 750 ಕೋಟಿ ಯೆನ್. ಅದೇ ವರ್ಷ ಜಪಾನ್ ತನ್ನ ಪಟ್ಟಿಗೆ ಫಿನ್ ತಿಮಿಂಗಿಲವನ್ನೂ ಸೇರಿಸಿತು. ತನ್ನ ಕರಾವಳಿಯಲ್ಲಿ ಓಡಾಡಲು ಅಷ್ಟು ದೂರ ಸಾಗಬಲ್ಲ ಹಡಗು ಯಾಕೆ ಅನ್ನುವ ಪ್ರಶ್ನೆ ಎದ್ದಿದೆ. ಅಂಟಾರ್ಕ್ಟಿಕಕ್ಕೆ ಹೋಗುವ ಯೋಜನೆ ಇಲ್ಲ ಅಂತ ಅವರು ಹೇಳುತ್ತಾರೆ.

ಒಂದು ವೇಳೆ ಹೋದರೆ ನಾನು ಮೇಲೆ ಹೇಳಿದ ಅನುಕೂಲಗಳೆಲ್ಲ ವಾಪಸ್ ಬರುತ್ತವೆ: ಒಂದೇ ತಾಯಿ ಹಡಗು, ದೂರದ ಸಮುದ್ರ, ಅದೂ 1994ರಲ್ಲಿ ಆಯೋಗ ಅಭಯಧಾಮ ಅಂತ ಘೋಷಿಸಿದ ನೀರು. ಹೇಗ್‌ನ ಬಾಗಿಲನ್ನು ಜಪಾನ್ ಆಗಲೇ ಹಾಕಿಕೊಂಡಿದೆ, ಆಯೋಗದಲ್ಲೂ ಇಲ್ಲ. ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಒಪ್ಪಂದದಡಿ ಬೇರೆ ದೇಶಗಳು ದಾವೆ ಹೂಡಬಹುದು, ಅದಕ್ಕೆ ವರ್ಷಗಳು ಬೇಕು. ಆ ವರ್ಷಗಳಲ್ಲಿ ಇಳಿಜಾರಿನ ಹಿಂದೆ ಅಂಟಿಕೊಂಡು ಸಾಗುವ ಹಡಗೊಂದಕ್ಕೆ ಹಣ ಕೊಡಿ ಅಂತ ಯಾರಾದರೂ ಕೇಳಿದರೆ ನಾನು ಕೊಡುತ್ತೇನೆ. ಕೋರ್ಟಿಗೆ ಹೋಗುವವರು ಯಾರು ಅಂತ ಮಾತ್ರ ಮೊದಲು ಕೇಳಿಕೊಂಡು.